ಫೀನಿಕ್ಸ್ ಹಕ್ಕಿಯ ಹತ್ತಿರ ನೀತಿ ಕೇಳಬೇಡಿ

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳಿಗೆ ಒಂಬತ್ತು ವರ್ಷ. ಊಟ ಆದದ್ದೇ "ಮಾಮ, ಕಥೆ" ಅಂತ ಹಿಡಕೊಂಡಳು. ನಾನು ಆಗಷ್ಟೇ ಇ. ನೆಸ್‌ಬಿಟ್ ಬರೆದ 'ದ ಫೀನಿಕ್ಸ್ ಅಂಡ್ ದ ಕಾರ್ಪೆಟ್' ಓದಿ ಮುಗಿಸಿದ್ದೆ. 1904ರ ಪುಸ್ತಕ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನೇ ಶುರು ಮಾಡಿದೆ.

ಲಂಡನ್ನಿನ ಮಕ್ಕಳು ಮನೆಯೊಳಗೇ ಪಟಾಕಿ ಪರೀಕ್ಷೆ ಮಾಡಲು ಹೋಗಿ ಜಮಖಾನ ಸುಟ್ಟುಹಾಕುತ್ತಾರೆ. ಅದರ ಬದಲಿಗೆ ತಂದ ಸೆಕೆಂಡ್ ಹ್ಯಾಂಡ್ ಜಮಖಾನದ ಸುರುಳಿಯಲ್ಲಿ ಒಂದು ಮೊಟ್ಟೆ. ಅದು ಬೆಂಕಿಗೆ ಬಿದ್ದು ಫೀನಿಕ್ಸ್ ಹೊರಬರುತ್ತದೆ. ಜಂಬ ಅಂದರೆ ಅಂತಿಂಥ ಜಂಬ ಅಲ್ಲ ಅದಕ್ಕೆ! ಊರಲ್ಲಿ ಫೀನಿಕ್ಸ್ ಹೆಸರಿನ ಬೆಂಕಿ ವಿಮಾ ಕಚೇರಿ ಇದೆ ಅಂತ ತಿಳಿದ ಕೂಡಲೇ, ಅದು ತನ್ನದೇ ದೇವಸ್ಥಾನ ಅಂತ ತೀರ್ಮಾನಿಸಿ ಹೊರಟುಬಿಡುತ್ತದೆ. (1782ರಲ್ಲಿ ಶುರುವಾದ ನಿಜವಾದ ಕಂಪನಿ ಅದು.) ಅಲ್ಲಿಯ ಮ್ಯಾನೇಜರು, ಗುಮಾಸ್ತರೆಲ್ಲ ಸೇರಿ ಸಕ್ಕರೆ ಸುಟ್ಟು ಧೂಪ ಹಾಕಿ, ವಿಮೆಯ ದರಗಳನ್ನೇ ಸ್ತೋತ್ರ ಮಾಡಿ ಹಾಡುತ್ತಾರೆ. ನಾನು ಮಂಗಳಾರತಿ ಧಾಟಿಯಲ್ಲಿ ಹಾಡಿ ತೋರಿಸಿದೆ. ಪುಟ್ಟಿಗೆ ವಿಮೆ ಅಂದರೇನೆಂದೇ ಗೊತ್ತಿಲ್ಲ, ಆದರೂ ಬಿದ್ದು ಬಿದ್ದು ನಕ್ಕಳು. ಆಮೇಲೆ ಜಮಖಾನ 199 ಪರ್ಷಿಯನ್ ಬೆಕ್ಕುಗಳನ್ನು ಹೊತ್ತು ತರುತ್ತದೆ, ಅವುಗಳ ಹೊಟ್ಟೆಗೆ ಅಂತ ರಾಶಿ ಇಲಿ, ಹಾಲಿಗೆ ಒಂದು ಹಸು. ಅಷ್ಟರಲ್ಲಿ ಮನೆಗೆ ನುಗ್ಗಿದ ಕಳ್ಳನ ಕೈಯಲ್ಲೇ ಆ ಹಸುವಿನ ಹಾಲು ಕರೆಸುತ್ತಾರೆ...

"ಸರಿ, ಇದರಿಂದ ಏನು ಕಲಿತೆ ಪುಟ್ಟಿ?" ಅಂದಳು ಅಕ್ಕ.

ನಗು ನಿಂತಿತು. ಕೈಕಟ್ಟಿ ಕೂತು, ಪರೀಕ್ಷೆಯ ಮುಖ ಮಾಡಿಕೊಂಡು ಮಗು ಹೇಳಿತು: "ಮನೆಯೊಳಗೆ ಪಟಾಕಿ ಹೊಡೀಬಾರದು."

ಅಲ್ಲಾ ಸ್ವಾಮೀ, ಯಾಕೆ? ಪಂಚತಂತ್ರ ಹುಟ್ಟಿದ್ದೇ ರಾಜಕುಮಾರರಿಗೆ ನೀತಿ ಕಲಿಸಲು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಕ್ಕಳ ಕಥೆ ಅಂದರೆ ಎಲ್ಲದಕ್ಕೂ ನೀತಿಯ ಬಾಲ ಇರಲೇಬೇಕು ಅಂತ ಯಾರು ಹೇಳಿದ್ದು? ಕುವೆಂಪು ಬ್ರೌನಿಂಗನ ಕವನವನ್ನು ಬೊಮ್ಮನಹಳ್ಳಿಗೆ ತಂದು ಕಿಂದರಿಜೋಗಿ ಬರೆದರಲ್ಲ, ಶಾಲೆಯಲ್ಲಿ ಆ ಇಲಿಗಳ ದಂಡು ಓದಿ ಬೆಂಚು ಬಡಿದು ಕುಣಿದಿದ್ದೆವು. ಮೇಷ್ಟ್ರು ಬೋರ್ಡಿನ ಮೇಲೆ ಬರೆಸಿದ್ದು 'ಕೊಟ್ಟ ಮಾತಿಗೆ ತಪ್ಪಬಾರದು'. ಅದಕ್ಕೆ ಎರಡು ಅಂಕ. ಇಲಿಗಳಿಗೆ ಸೊನ್ನೆ.

ಇದಕ್ಕಿಂತ ಅಪಾಯದವರು ನಮ್ಮ ಕಡೆಯವರೇ. ಕಂಪನಿ ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದ ನನ್ನನ್ನು ನೋಡಿ ಗೆಳೆಯ ಏನು ಓದ್ತಿದೀಯ ಅಂದ. ಹೇಳಿದೆ. "ಈ ವಯಸ್ಸಲ್ಲಾ?" ಅಂದ. "ಕಲ್ಪನಾಶಕ್ತಿ ಬೆಳೆಯುತ್ತೆ ಕಣೋ, ಕೋಡಿಂಗಿಗೂ ಒಳ್ಳೇದು" ಅಂತ ಬಿಟ್ಟೆ. ಶುದ್ಧ ಸುಳ್ಳು! ಫೀನಿಕ್ಸ್ ಓದಿದ ಮೇಲೆ ನನ್ನ ಕೋಡಿನಲ್ಲಿ ಒಂದು ಬಗ್ಗೂ ಕಮ್ಮಿಯಾಗಿಲ್ಲ :-) ನಗು ಬಂತು, ಅದಕ್ಕೇ ಓದಿದೆ ಅನ್ನಲು ನಾಲಿಗೆ ಏಳಲಿಲ್ಲ. ಅಕ್ಕ ನೀತಿ ಕೇಳಿದರೆ ನಾನು ಲಾಭ ತೋರಿಸಿದೆ, ಅಷ್ಟೇ ವ್ಯತ್ಯಾಸ. ಕ್ರಿಕೆಟ್ ಮ್ಯಾಚ್ ನೋಡುವವನನ್ನು ಏನು ಕಲಿತೆ ಅಂತ ಯಾರಾದರೂ ಕೇಳುತ್ತಾರಾ? ಹೋಳಿಗೆ ತಿಂದವನನ್ನು? ಮಕ್ಕಳ ಪುಸ್ತಕ ಬರೆಯುವ, ಅನುವಾದಿಸುವ ಗೆಳೆಯರು ನಿಮ್ಮಲ್ಲೂ ಇದ್ದೀರಿ. ದಯವಿಟ್ಟು ಆ ಕೊನೆಯ ಪ್ಯಾರಾ ಅಳಿಸಿಬಿಡಿ.

ಮರುದಿನ ರಾತ್ರಿ ಪುಟ್ಟಿಯ ಫೋನು. "ಮಾಮ, ಆ ಕಳ್ಳ ಏನಾದ?"

ಅಡುಗೆಯವಳನ್ನು ಮದುವೆಯಾಗಿ ದ್ವೀಪದಲ್ಲಿ ಹಾಯಾಗಿದ್ದಾನೆ ಅಂದೆ. ಅವಳು ಅದನ್ನು ಜೋರಾಗಿ ಅಮ್ಮನಿಗೆ ವರದಿ ಒಪ್ಪಿಸಿದಳು. ಹಿಂದಿನಿಂದ ಅಕ್ಕನ ದನಿ ಕೇಳಿಸಿತು:

"ಹಾಗಾದ್ರೆ ಕಳ್ಳನಿಗೆ ಶಿಕ್ಷೆ ಆಗಲೇ ಇಲ್ವಾ?"