ಖಾಲಿ ನೀರೆಂಬ ಸುಳ್ಳು

ಹೋದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಕರಾವಳಿ ಪ್ರವಾಸೋದ್ಯಮದ ಕುರಿತು ಮಾತಾಡಲು ಬಂದವರೊಬ್ಬರು ಪರದೆಯ ಮೇಲೆ ಕಾರವಾರ ಕೊಲ್ಲಿಯ ನಕ್ಷೆ ಹಾಕಿದರು. ನೀಲಿ ಬಣ್ಣದ ಮೇಲೆ ಕೈಯಾಡಿಸುತ್ತಾ, "ಇಷ್ಟು ನೀರು ಖಾಲಿ ಬಿದ್ದಿದೆ. ಇಲ್ಲಿ ವಿಹಾರದೋಣಿಗಳು ಬಂದು ಲಂಗರು ಹಾಕಿದರೆ ಊರಿನ ಚಹರೆಯೇ ಬದಲಾಗುತ್ತದೆ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆ ಚಪ್ಪಾಳೆಯನ್ನು ವಾಪಸು ಪಡೆಯಲು ಈ ಬರಹ.

ಅಂಕೋಲಾ ಕಡೆಯ ನನ್ನ ಸೋದರಮಾವ ಖಲಾಸಿಯಾಗಿ ದೋಣಿ ಹತ್ತಿ, ತಾಂಡೇಲನಾಗಿ ಇಳಿದವರು. ಅಂದು ರಾತ್ರಿ ಫೋನಿನಲ್ಲಿ ಅವರಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಖಾಲಿ ಅಂದೋರು ಒಂದು ರಾತ್ರಿ ದೋಣೀಲಿ ಮಲ್ಗಿದ್ರಾ ಕೇಳು ತಂಗೀ" ಎಂದರು. ನನ್ನ ಸಂಶೋಧನೆ ಕರಾವಳಿಯ ಕಥೆ ಕಾದಂಬರಿಗಳ ಮೇಲೆ. ಎಷ್ಟೋ ಪುಟಗಳಲ್ಲಿ 'ಲಂಗರು' ಎಂಬ ಪದಕ್ಕೆ ಗುರುತು ಹಾಕಿದ್ದೆ. ಲಂಗರು ಹೇಗೆ ಹಿಡಿಯುತ್ತದೆ ಎಂದು ಕೇಳಿದ್ದು ಮಾತ್ರ ಅಂದೇ ಮೊದಲು.

ಲಂಗರು ಬರೀ ಭಾರದಿಂದ ದೋಣಿಯನ್ನು ನಿಲ್ಲಿಸುವುದಿಲ್ಲ. ಅದರ ಕೊಂಡಿ ಕೆಸರಿನಲ್ಲೋ ಮರಳಿನಲ್ಲೋ ಹೂತುಕೊಂಡು ಹಿಡಿಯಬೇಕು. ಹಗ್ಗ ಗಿಡ್ಡವಾದರೆ ದೋಣಿಯ ಎಳೆತಕ್ಕೆ ಲಂಗರು ಮೇಲಕ್ಕೆ ಕಿತ್ತು ಬರುತ್ತದೆ. ಹಗ್ಗ ಉದ್ದವಿದ್ದರೆ ಎಳೆತ ನೆಲಕ್ಕೆ ಸಮಾಂತರವಾಗಿ, ಕೊಂಡಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹಾಗಾಗಿ ಸಾಧಾರಣ ದಿನಗಳಲ್ಲಿ ಆಳದ ಐದು ಪಟ್ಟು, ಗಾಳಿ ಜೋರಿದ್ದಾಗ ಏಳು ಪಟ್ಟು ಅಥವಾ ಇನ್ನೂ ಹೆಚ್ಚು ಹಗ್ಗ ಬಿಡಬೇಕು. ಐದು ಮೀಟರ್ ಆಳಕ್ಕೆ ಏಳು ಪಟ್ಟೆಂದರೆ 35 ಮೀಟರ್. ಗಾಳಿ ದಿಕ್ಕು ಬದಲಿಸಿದಂತೆ ದೋಣಿ ಆ ಹಗ್ಗದ ತುದಿಯಲ್ಲಿ ಸುತ್ತುತ್ತದೆ. ಆ ವೃತ್ತದ ವಿಸ್ತೀರ್ಣ ಲೆಕ್ಕ ಹಾಕಿ: ಹತ್ತಿರ ಹತ್ತಿರ ಒಂದು ಎಕರೆ. ಒಂದೇ ಒಂದು ದೋಣಿಗೆ! ಆ ವೃತ್ತದೊಳಗೆ ಇನ್ನೊಂದು ದೋಣಿ ಬಂದರೆ ಡಿಕ್ಕಿ ಅಥವಾ ಹಗ್ಗದ ಸಿಕ್ಕು. ಎಲ್ಲ ದೋಣಿಗಳೂ ಒಂದೇ ಗಾಳಿಗೆ ಒಂದೇ ಥರ ತಿರುಗುವುದೂ ಇಲ್ಲ.

ನಕ್ಷೆಯಲ್ಲಿ ಈ ವೃತ್ತಗಳಿಲ್ಲ. ರಂಪಣಿಯೂ ಇಲ್ಲ. ದಡದಿಂದ ದೊಡ್ಡ ಅರ್ಧವೃತ್ತವಾಗಿ ಬಲೆ ಬಿಟ್ಟು, ಎರಡೂ ತುದಿಯಲ್ಲಿ ಜನ ಸಾಲಾಗಿ ನಿಂತು ಎಳೆಯುವ ಆ ಮೀನುಗಾರಿಕೆಗೆ ದಡದಂಚಿನ ನೀರು ಪೂರ್ತಿ ತೆರವಾಗಿರಬೇಕು. ನಡುವೆ ಯಾರದೋ ಲಂಗರಿನ ಸರಪಳಿ ಇದ್ದರೆ ಬಲೆ ಹರಿಯುತ್ತದೆ, ಆ ದಿನದ ಕೂಲಿಯೂ ಹೋಗುತ್ತದೆ. ಹಗಲು ಹೊತ್ತು ಕೊಲ್ಲಿ ಖಾಲಿ ಕಾಣುವುದು ನಿಜ. ದೋಣಿಗಳು ದುಡಿಯಲು ಹೋಗಿರುತ್ತವೆ. ದುಡಿಯಲು ಹೋದವರ ಮನೆಗೆ ಬೀಗ ಬಿದ್ದಿದೆಯೆಂದು ಅದನ್ನು ಖಾಲಿ ಮನೆ ಎನ್ನುತ್ತೇವೆಯೇ?

ಇನ್ನು ಅತಿಥಿಗಳ ಮಾತು. ಈ ಯೋಜನೆಗಳ ಭಾಷೆಯಲ್ಲಿ ಕೊಲ್ಲಿಗೆ ಬರುವ ಅತಿಥಿಯೆಂದರೆ ಬಿಳಿ ವಿಹಾರದೋಣಿಯವನು. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಕಾರವಾರಕ್ಕೆ ಬಂದ ಅತಿಥಿಗಳು ಯಾರು? ನಮ್ಮ ಜಿಲ್ಲೆಯವಲ್ಲದೆ ಹೊರಗಿನ, ಹೊರರಾಜ್ಯಗಳ ನೂರಾರು ಮೀನುಗಾರಿಕಾ ದೋಣಿಗಳು. ದಕ್ಷಿಣಕ್ಕೆ ಚಾಚಿದ ಗುಡ್ಡದ ಮರೆಯಲ್ಲಿರುವ ಬೈತಖೋಲದ ನೀರು ಅವಕ್ಕೆ ಆಸರೆ ಕೊಟ್ಟಿತು. ಇಂಥ ಹೊತ್ತಿನಲ್ಲಿ ಎಕರೆಯ ಲೆಕ್ಕ ನಡೆಯುವುದಿಲ್ಲ. ದೋಣಿಗೆ ದೋಣಿ ಕಟ್ಟಿ, ನಡುವೆ ಹಳೇ ಟೈರು ಇಳಿಬಿಟ್ಟು, ಭಾಷೆ ಬಾರದವರೂ ಪಕ್ಕದ ದೋಣಿಯ ಹಗ್ಗ ಹಿಡಿಯುತ್ತಾರೆ. ಆ ಜಾಗದಲ್ಲಿ ವಿಹಾರದೋಣಿಗಳ ಗುತ್ತಿಗೆ ಕಟ್ಟೆ ಇದ್ದರೆ, ಬಿರುಗಾಳಿಯ ರಾತ್ರಿ ಯಾರನ್ನು ಹೊರಗೆ ನಿಲ್ಲಿಸುತ್ತಾರೆ?

ಈ ಪ್ರಶ್ನೆ ಕಾರವಾರದಲ್ಲಿ ಚುಚ್ಚುವುದಕ್ಕೆ ಕಾರಣವಿದೆ. ಅರಗಾ ಸುತ್ತಲಿನ ಕಡಲತೀರ ಸೀಬರ್ಡ್ ನೌಕಾನೆಲೆಗೆ ಹೋಯಿತು. 1986ರಲ್ಲಿ ಶಂಕುಸ್ಥಾಪನೆ, 2005ರಲ್ಲಿ ಐಎನ್ಎಸ್ ಕದಂಬ. ದೇಶದ ರಕ್ಷಣೆಗೆಂದು ಊರುಗಳು ಎದ್ದುಹೋದವು, ಅಲ್ಲಿನ ನೀರೂ ಮೀನುಗಾರರ ಕೈತಪ್ಪಿತು. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದರು. ಅವರನ್ನು ಅಭಿವೃದ್ಧಿ ವಿರೋಧಿಗಳೆಂದವರಿದ್ದರು. ಪ್ರತಿ ಸಲವೂ ಉಳಿದ ನೀರಿನಿಂದಲೇ ಕೊಡು ಎಂದು ಕೇಳಿಸಿಕೊಳ್ಳುವವರಿಗೆ, ಉಳಿದದ್ದು ಎಷ್ಟು ಎಂಬ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ.

ಹಾಗಾದರೆ ಪ್ರವಾಸಿಗರು ಬರಬಾರದೇ? ಬರಲಿ. ಪ್ರವಾಸಿಗರಿಂದ ಊರಿನ ಹುಡುಗರಿಗೆ ನಾಲ್ಕು ಕಾಸು ಸಿಗುವುದನ್ನು ವಿಶ್ವವಿದ್ಯಾಲಯದ ಫೆಲೋಶಿಪ್ ಉಣ್ಣುವ ನಾನು ಬೇಡವೆನ್ನಲಾರೆ. ನನ್ನ ಜಗಳ ಸರದಿಯ ಬಗ್ಗೆ.

ಮೊದಲು, ಬಿರುಗಾಳಿಯಲ್ಲಿ ದೋಣಿಗಳು ಆಸರೆ ಪಡೆಯುವ ನೀರನ್ನು ನಕ್ಷೆಯಲ್ಲಿ ಗುರುತಿಸಿ, ಅದನ್ನು ಯಾರಿಗೂ ಗುತ್ತಿಗೆ ಕೊಡಬಾರದು. ಎರಡನೆಯದಾಗಿ, ವಿಹಾರದೋಣಿಗಳು ತೋಚಿದಲ್ಲಿ ಲಂಗರು ಇಳಿಸುವ ಬದಲು ಸ್ಥಿರ ಬೋಯಾಗಳಿಗೆ ಕಟ್ಟಬೇಕು. ತಳದಲ್ಲಿ ಭಾರದ ಕಾಂಕ್ರೀಟ್ ಗುಂಡು, ಅದರಿಂದ ಸರಪಳಿ, ಮೇಲೆ ತೇಲುವ ಬೋಯಾ: ಇಷ್ಟೇ ವ್ಯವಸ್ಥೆ. ಉದ್ದ ಹಗ್ಗ ಬೇಕಿಲ್ಲದ್ದರಿಂದ ದೋಣಿ ಸುತ್ತುವ ವೃತ್ತ ಬಹಳ ಚಿಕ್ಕದಾಗುತ್ತದೆ, ಪ್ರತಿ ಸಲ ತಳ ಕೆದಕುವುದೂ ತಪ್ಪುತ್ತದೆ. ಆದರೆ ಉಪ್ಪುನೀರಿನಲ್ಲಿ ಸರಪಳಿ ಸವೆಯುತ್ತದೆ. ಮುಳುಗಿ ನೋಡುವವರನ್ನು ನೇಮಿಸದೆ ಬೋಯಾ ತೇಲಿಬಿಟ್ಟು ಫೋಟೊ ತೆಗೆಸಿಕೊಂಡರೆ, ಅದು ಲಂಗರಿಗಿಂತ ಅಪಾಯ. ಆ ಕೆಲಸ ಸ್ಥಳೀಯ ಮೀನುಗಾರರ ಸಹಕಾರಿ ಸಂಘಗಳಿಗೆ ಸಿಗಲಿ, ಕಟ್ಟುವ ಶುಲ್ಕವೂ ಅವಕ್ಕೇ ಸೇರಲಿ. ಮೂರನೆಯದು, ಬೋಯಾ ಎಲ್ಲಿ ಬೇಡ ಎಂಬುದನ್ನು ತಾಂಡೇಲರು ಮತ್ತು ರಂಪಣಿಯವರು ತೀರ್ಮಾನಿಸಲಿ. ಅಳಿವೆಯ ದಾರಿ ಯಾವುದು, ಬಲೆ ಎಳೆಯುವ ಜಾಗ ಯಾವುದು ಎಂಬುದು ಅವರಿಗೆ ಗೊತ್ತು.

ಕೊನೆಗೆ ನಮ್ಮ ಮಾತು, ಓದುವ ಬರೆಯುವ ನಮ್ಮ ಮಾತು. ಕಾರವಾರವೆಂದರೆ ನಮಗೆ ತಕ್ಷಣ ನೆನಪಾಗುವುದು ರವೀಂದ್ರನಾಥ ಟ್ಯಾಗೋರ್. ಯುವಕ ರವೀಂದ್ರ ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದದ್ದು, ಅಲ್ಲಿ ನಾಟಕ ಬರೆದದ್ದು ನಮಗೆ ಹೆಮ್ಮೆ. ಕಡಲತೀರಕ್ಕೆ ಅವರದೇ ಹೆಸರು. ಆದರೆ ದಡದಲ್ಲಿ ನಿಂತು ಕಡಲು ನೋಡುವುದನ್ನೇ ನಾವು ಸಾಹಿತ್ಯ ಮಾಡಿಕೊಂಡೆವು. ಕಡಲು ನಮಗೆ ಅನಂತ, ಮೌನ, ಶೂನ್ಯ. ನಾವು ಕವಿತೆಯಲ್ಲಿ ಶೂನ್ಯವೆಂದು ಕರೆದ ಜಾಗವನ್ನೇ ಆ ಭಾಷಣಕಾರರು ಖಾಲಿ ಎಂದರು. ಚಪ್ಪಾಳೆ ಅಷ್ಟು ಸುಲಭವಾಗಿ ಬಂದದ್ದು ಅದಕ್ಕೇ ಇರಬೇಕು.

ಮುಂದಿನ ಸಲ ಯಾರಾದರೂ ನಕ್ಷೆಯ ನೀಲಿಯ ಮೇಲೆ ಕೈಯಿಟ್ಟು ಖಾಲಿ ಎಂದರೆ, ಸಭೆಯಲ್ಲಿ ಎದ್ದುನಿಂತು ಮಾವನ ಪ್ರಶ್ನೆಯನ್ನೇ ಕೇಳುತ್ತೇನೆ. ನೀವು ಅಲ್ಲಿದ್ದರೆ ನೀವೂ ಕೇಳಿ: ಒಂದು ರಾತ್ರಿ ದೋಣಿಯಲ್ಲಿ ಮಲಗಿದ್ದೀರಾ?