ಹಗ್ಗ ಕಿತ್ತ ಎಲೆಕ್ಟ್ರಾನು

'ಕೃತಕ ಸೂರ್ಯ' ಅಂತ ತಲೆಬರಹ ಕೊಟ್ಟ ಕನ್ನಡ ಲೇಖನಗಳನ್ನು ನಾವೆಲ್ಲ ಓದಿದ್ದೇವೆ. ಹತ್ತು ಕೋಟಿ ಡಿಗ್ರಿ ಶಾಖ, ಮುಗಿಯದ ವಿದ್ಯುತ್ತು, ಇಷ್ಟು ಹೇಳಿ ಕೈತೊಳೆದುಕೊಳ್ಳುತ್ತಾರೆ. ಆ ಬೆಂಕಿಯೊಳಗೆ ಏನಾಗ್ತಿದೆ ಅಂತ ಹೊರಗೆ ನಿಂತವನಿಗೆ ಹೇಗೆ ಗೊತ್ತಾಯಿತು? ಅದನ್ನು ಯಾರೂ ಬರೆಯುವುದಿಲ್ಲ. ನನ್ನ ತಕರಾರು ಇರೋದು ಅಲ್ಲೇ.

ಕಲ್ಕತ್ತದ ಸಾಹಾ ಪರಮಾಣು ಭೌತವಿಜ್ಞಾನ ಸಂಸ್ಥೆಗೆ 1987ರಲ್ಲಿ ಜಪಾನಿನ ತೋಷಿಬಾ ಕಂಪನಿ ತಯಾರಿಸಿದ ಟೋಕಮಾಕ್ ಬಂತು. ಕೋಡುಬಳೆಯಂಥ ಪಾತ್ರೆ. ಬಳೆಯ ತ್ರಿಜ್ಯ 30 ಸೆಂಟಿಮೀಟರ್, ಒಳಗಿನ ಪ್ಲಾಸ್ಮಾದ ತ್ರಿಜ್ಯ 7.5. ಅದರಿಂದ ಒಂದು ಬಲ್ಬೂ ಉರಿಯೋದಿಲ್ಲ, ನಿಜ. ಆದರೆ ಹುಚ್ಚೋಟಕ್ಕೆ ಬಿದ್ದ ಎಲೆಕ್ಟ್ರಾನುಗಳ ಅಧ್ಯಯನ ಅಲ್ಲಿ ನಡೆಯಿತು.

ಏನಿದು ಹುಚ್ಚೋಟ? ಸೈಕಲ್ಲು ಜೋರಾಗಿ ತುಳಿದಷ್ಟೂ ಎದುರುಗಾಳಿ ಹೆಚ್ಚು. ಪ್ಲಾಸ್ಮಾದಲ್ಲಿ ಉಲ್ಟಾ. ವೇಗ ಹೆಚ್ಚಿದ ಎಲೆಕ್ಟ್ರಾನಿಗೆ ಡಿಕ್ಕಿಗಳು ಕಡಿಮೆ. ವಿದ್ಯುತ್ ಕ್ಷೇತ್ರ ಒಂದು ಮಿತಿ ದಾಟಿದರೆ ಅದನ್ನು ತಡೆಯೋರೇ ಇಲ್ಲ; ಬೆಳಕಿನ ವೇಗದ ಹತ್ತಿರಕ್ಕೆ ಹೋಗಿಬಿಡುತ್ತದೆ. ಸಿ.ಟಿ.ಆರ್. ವಿಲ್ಸನ್ 1925ರಲ್ಲೇ ಗುಡುಗಿನ ಮೋಡಗಳಿಗೆ ಈ ಮಾತು ಹೇಳಿದ್ದ. (ಕಲ್ಕತ್ತದ ಕಾಲಬೈಶಾಖಿ ಮಳೆ ಕಂಡವರಿಗೆ ಇದು ರುಚಿಸೀತು.) ಪ್ಲಾಸ್ಮಾಕ್ಕೆ ಇದರ ಲೆಕ್ಕ ಹಾಕಿದವನು ಡ್ರೈಸರ್, 1959ರಲ್ಲಿ.

ಅಳೆಯೋದು ಹೇಗೆ? ಹಾದಿ ತಪ್ಪಿದ ಎಲೆಕ್ಟ್ರಾನು ಪ್ಲಾಸ್ಮಾದ ಅಂಚಿಗೆ ಒಡ್ಡಿದ ತಡೆಗೆ ಬಡಿದಾಗ ಗಡಸು ಕ್ಷ-ಕಿರಣ ಹುಟ್ಟಿ, ಉಕ್ಕಿನ ಗೋಡೆ ದಾಟಿ ಬರುತ್ತದೆ. ಹೊರಗೆ, ಸೀಸದ ಮರೆಯಲ್ಲಿ, ಚೂರು ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೊಡೈಡ್ ಹರಳು. ಕಿರಣ ತಾಗಿದರೆ ಅದು ಮಿಣುಕುತ್ತದೆ, ಆ ಮಿಣುಕನ್ನು ಫೋಟೋಮಲ್ಟಿಪ್ಲೈಯರ್ ವಿದ್ಯುತ್ ಸಂಜ್ಞೆಯಾಗಿ ಹಿಗ್ಗಿಸುತ್ತದೆ. ಇಲ್ಲೊಂದು ತೊಡಕಿದೆ. ಹರಳು ಮುಖ್ಯವಾಗಿ ಲೆಕ್ಕ ಇಡೋದು ತಪ್ಪಿಸಿಕೊಂಡು ಬಡಿದವುಗಳದ್ದು. ಒಳಗೆ ಇನ್ನೂ ಸುತ್ತುತ್ತಿರುವವು? ಅವು ತಾವು ಓಡುವ ದಿಕ್ಕಿಗೇ ಚೆಲ್ಲುವ ಸಿಂಕ್ರೋಟ್ರಾನ್ ಬೆಳಕನ್ನು ಹಿಡಿಯಲು ಬೇರೆ ಕ್ಯಾಮೆರಾ ಬೇಕು, ಅದೂ ಎದುರಿಗೇ ಇಟ್ಟರೆ ಮಾತ್ರ. ಒಂದು ಉಪಕರಣ ಎಷ್ಟನ್ನು ನೋಡಲಾರದು ಅಂತ ತಿಳಿಯೋದೂ ವಿಜ್ಞಾನವೇ ಅಲ್ಲವೇ?

ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಯಂತ್ರದಲ್ಲಿ ನಮ್ಮ ದೇಶವೂ ಪಾಲುದಾರ. ಅದರಲ್ಲಿ ಹರಿಯಬೇಕಾದ ಪ್ರವಾಹ ಒಂದೂವರೆ ಕೋಟಿ ಆಂಪಿಯರ್. ಪ್ಲಾಸ್ಮಾ ಹಠಾತ್ತನೆ ಕುಸಿದು ಅದರ ದೊಡ್ಡ ಪಾಲು ಈ ಪುಂಡರ ಕೈಗೆ ಸಿಕ್ಕರೆ ಒಳಗೋಡೆಯೇ ಕರಗೀತು. ಕೋಡುಬಳೆ ಗಾತ್ರದ ಯಂತ್ರದ ಕೆಲಸವನ್ನು ಸಣ್ಣದು ಅನ್ನುವ ನಮ್ಮ ಬಿ.ಎಸ್ಸಿ. ಗೆಳೆಯರು ಇದನ್ನು ಸ್ವಲ್ಪ ಯೋಚಿಸಲಿ. ಯಂತ್ರ ದುಡ್ಡಿಗೆ ಸಿಗುತ್ತೆ. ಎಲ್ಲಿ ಹರಳು ಇಡಬೇಕು, ಬಂದ ಮಿಣುಕಿಗೆ ಏನರ್ಥ ಅನ್ನೋದನ್ನ ನಾವೇ ಕಲಿಯಬೇಕು.

ಕನ್ನಡ ಎಂ.ಎ.ಯವರಿಗೂ ಇಲ್ಲಿ ಕೆಲಸವಿದೆ. ನಿಘಂಟಿನ ಪಂಡಿತರ ಕೈಗೆ ಕೊಟ್ಟರೆ ಇದನ್ನು 'ಪಲಾಯಿತ ಎಲೆಕ್ಟ್ರಾನು' ಅಂದಾರು. ಪಲಾಯನದಲ್ಲಿ ಭಯವಿದೆ, ಇದು ಹೆದರಿ ಓಡಿದ್ದಲ್ಲ. ಹಗ್ಗ ಕಿತ್ತ ಹೋರಿಯನ್ನು ಕಂಡ ಯಾವ ಹಳ್ಳಿಯವನಿಗೂ 'ಹಗ್ಗ ಕಿತ್ತ ಎಲೆಕ್ಟ್ರಾನು' ಅಂದರೆ ತಟ್ಟನೆ ತಿಳಿಯುತ್ತದೆ. ಇದಕ್ಕಿಂತ ಒಳ್ಳೇ ಮಾತು ಹೊಳೆದವರು ಮುಂದಿನ ಸಂಚಿಕೆಗೆ ಬರೆಯಲಿ. 'ಪಲಾಯಿತ' ಮಾತ್ರ ಬೇಡ.