ಪರಿಹಾರದ ಚೆಕ್ಕಿನಲ್ಲಿ ಈಸ್ಟ್ರೊಜೆನ್ ಇರುವುದಿಲ್ಲ

ರಾಣೆಬೆನ್ನೂರು ತಾಲ್ಲೂಕು ಆಸ್ಪತ್ರೆಯಲ್ಲಿ 2017ಕ್ಕೆ ಹಿಂದಿನ ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಮಿಕ್ಕಿ ಹೆಂಗಸರ ಗರ್ಭಚೀಲ ತೆಗೆದರು. ಅವುಗಳಲ್ಲಿ ಬಹಳಷ್ಟು ಬೇಕಿರಲೇ ಇಲ್ಲ ಎಂಬುದು ಆರೋಪ. ಹಲವರು ತಾಂಡಾಗಳ ಲಂಬಾಣಿ ಕೂಲಿಕಾರರು. ಆಮೇಲಿನದು ಹಾವೇರಿ ಜಿಲ್ಲೆಗೇ ಗೊತ್ತು: ಧರಣಿ, ತನಿಖೆ, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಶಿಗ್ಗಾಂವಿ ಮನೆಯತ್ತ ಪಾದಯಾತ್ರೆ. ವಾದವೆಲ್ಲ ಇಂದಿಗೂ ಪರಿಹಾರದ ಮೊತ್ತದ ಸುತ್ತಲೇ. ಹಣ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮೈಗಳಿಂದ ಹೋದದ್ದು ಬರೀ ಒಂದು ಚೀಲ ಎಂದು ಸರ್ಕಾರವೂ, ಹೋರಾಟಕ್ಕೆ ದನಿಗೂಡಿಸಿದ ನಾವೂ ನಂಬಿ ಕೂತಂತಿದೆ.

ಅಂಡಾಶಯಗಳನ್ನೂ ತೆಗೆದಿದ್ದರೆ ಅವು ಸ್ರವಿಸುವ ಈಸ್ಟ್ರೊಜೆನ್ ಹಾರ್ಮೋನು ರಾತ್ರೋರಾತ್ರಿ ಕುಸಿಯುತ್ತದೆ. ಉಳಿಸಿದ್ದರೂ ಅವು ಕೆಲ ವರ್ಷ ಮೊದಲೇ ಸೋಲುವುದುಂಟು. ನಮ್ಮ ದೇಶದಲ್ಲಿ ಮುಟ್ಟು ತಾನಾಗಿ ನಿಲ್ಲುವ ಸರಾಸರಿ ವಯಸ್ಸು 46–47. ಮೂವತ್ತೈದಕ್ಕೇ ಹಾರ್ಮೋನು ಬತ್ತಿದವಳ ಮೂಳೆಗೂ ಹೃದಯಕ್ಕೂ ಹತ್ತು–ಹನ್ನೆರಡು ವರ್ಷ ಕಾವಲಿಲ್ಲ. ಬ್ಯಾಡಗಿಯಲ್ಲಿ ದಿನವಿಡೀ ಕುಂತು ಮೆಣಸಿನಕಾಯಿ ತೊಟ್ಟು ಬಿಡಿಸುವವಳಿಗೆ, ರಾಣೆಬೆನ್ನೂರಿನ ಬೀಜದ ಹೊಲದಲ್ಲಿ ಬಗ್ಗಿ ಹೂಗಳ ಕ್ರಾಸಿಂಗ್ ಮಾಡುವವಳಿಗೆ ಸೊಂಟ ಹಿಡಿದರೆ ಅಂದಿನ ಪಗಾರ ಹೋಯಿತು. ಮೈಯುರಿ, ಬೆವರು, ನಿದ್ದೆಗೇಡು ಬೇರೆ. ಇಷ್ಟಕ್ಕೂ ಸಿಗುವುದು ನೋವಿನ ಗುಳಿಗೆ, ತಪ್ಪಿದರೆ ಕ್ಯಾಲ್ಸಿಯಂ.

ಇಂಥ ಎಳೆವಯಸ್ಸಿನಲ್ಲಿ ಹಾರ್ಮೋನು ನಿಂತವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಈಸ್ಟ್ರೊಜೆನ್ ಕೊಡಬೇಕೆಂಬುದು ವೈದ್ಯಲೋಕ ಒಪ್ಪಿದ ಮಾತು. ಅಂದೊಡನೆ ‘ಹಾರ್ಮೋನು ತಗೊಂಡ್ರೆ ಕ್ಯಾನ್ಸರ್’ ಎನ್ನುತ್ತಾರೆ. ಹಾಗೆನ್ನುವವರಲ್ಲಿ ವೈದ್ಯರೂ ಇದ್ದಾರೆ. ಈ ಭಯ ಹಬ್ಬಿದ್ದು ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದಿಂದ. ಅದರ ಒಂದು ಭಾಗವನ್ನು 2002ರಲ್ಲಿ ನಡುವೆಯೇ ನಿಲ್ಲಿಸಿದರು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಸ್ತನ ಕ್ಯಾನ್ಸರ್ ಹೆಚ್ಚಿದ್ದು ಈಸ್ಟ್ರೊಜೆನ್ ಜತೆಗೆ ಪ್ರೊಜೆಸ್ಟಿನ್ ನುಂಗಿದವರಲ್ಲಿ. ಪ್ರೊಜೆಸ್ಟಿನ್ ಕೊಡುವುದೇ ಗರ್ಭಚೀಲದ ಒಳಪದರ ಕಾಯಲು. ಗರ್ಭಚೀಲವೇ ಇಲ್ಲದವರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಟ್ಟ ಇನ್ನೊಂದು ಭಾಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಪಾರ್ಶ್ವವಾಯು ಹೆಚ್ಚಿತು, ಅದನ್ನು ಮುಚ್ಚಿಡುವುದು ಬೇಡ. ಆದರೆ ಅರವತ್ತು ದಾಟಿದವರ ಲೆಕ್ಕ ತಂದು ನಲವತ್ತರವಳ ಬಾಗಿಲು ಮುಚ್ಚುವುದು ವಿಜ್ಞಾನವಲ್ಲ, ಸೋಮಾರಿತನ. ಗರ್ಭಚೀಲ ತೆಗೆಸದಿದ್ದರೆ ಕ್ಯಾನ್ಸರ್ ಆದೀತೆಂದು ಹೆದರಿಸಿದರು ಎಂಬ ದೂರು ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಕೊಯ್ಯುವಾಗಲೂ ಕ್ಯಾನ್ಸರಿನ ಗುಮ್ಮ, ಮದ್ದು ಕೇಳಿದಾಗಲೂ ಅದೇ ಗುಮ್ಮ!

ಎಲ್ಲರಿಗೂ ಮಾತ್ರೆ ಹಂಚಿ ಎಂದು ನಾನು ಹೇಳುತ್ತಿಲ್ಲ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದ ಅಥವಾ ಲಕ್ವ ಹೊಡೆದ ಚರಿತ್ರೆ ಇದ್ದವರಿಗೆ, ಯಕೃತ್ತು ಕೆಟ್ಟವರಿಗೆ ಇದು ಸಲ್ಲದು. ಹೆಪ್ಪುಗಟ್ಟುವ ಭಯ ಗುಳಿಗೆಗಿಂತ ಚರ್ಮಕ್ಕೆ ಹಚ್ಚುವ ಜೆಲ್ಲಿನಲ್ಲಿ ಕಡಿಮೆ. ಇದನ್ನೆಲ್ಲ ಕೂತು ವಿವರಿಸಲು ಒಬ್ಬ ವೈದ್ಯೆ ಬೇಕು, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಬೇಕು. ಅಂಡಾಶಯ ಉಳಿದಿದೆಯೋ ಇಲ್ಲವೋ ಎಂಬುದು ಹಳೆಯ ಕಾಗದದಲ್ಲಿ ಇಲ್ಲದಿದ್ದರೆ ಸ್ಕ್ಯಾನ್ ಮಾಡಿ, ರಕ್ತ ಪರೀಕ್ಷಿಸಿ ನೋಡಬಹುದು. ಬೇಡವಾದ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಒಳ್ಳೆಯದೇ, ಆದರೆ ಅದು ಮುಂದೆ ಬರುವವರಿಗೆ.

ಆಗಲೇ ಕೊಯ್ಸಿಕೊಂಡವರಿಗೆ ಗಡುವು ಬೇರೆ ಇದೆ. ಈ ಮದ್ದಿನಲ್ಲಿ ಲಾಭ ಹೆಚ್ಚು, ಅಪಾಯ ಕಡಿಮೆ ಇರುವುದು ಹಾರ್ಮೋನು ನಿಂತು ಹತ್ತು ವರ್ಷದೊಳಗೆ, ಇಲ್ಲವೇ ಅರವತ್ತು ತುಂಬುವ ಮೊದಲು ಶುರು ಮಾಡಿದರೆ. 2016ರಲ್ಲಿ ಮೂವತ್ತೈದಾಗಿದ್ದವಳಿಗೆ ಈಗ ನಲವತ್ತೈದರ ಹತ್ತಿರ. ಪರಿಹಾರದ ಕಡತ ವಿಧಾನಸೌಧದಲ್ಲಿ ಇನ್ನೂ ಹತ್ತು ವರ್ಷ ಕೊಳೆತರೂ ಬಡ್ಡಿ ಸೇರಿಸಿ ಹಣ ಕೊಡಬಹುದು. ಈ ಮದ್ದನ್ನು ಹಾಗೆ ಕೊಡಲಾಗುವುದಿಲ್ಲ.